ಬಾರದ ಮುಖ

ಪತ್ರಿಕಾ ಕಚೇರಿಯಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಿದ್ದರು. ಎರಡನೆಯ ಮಹಡಿಯ ಮೂಲೆಕೋಣೆಯಲ್ಲಿ, ರೇಡಿಯೋದಲ್ಲಿ ಬರುವ ಚಿತ್ರ ಹಿಡಿಯುವ ಯಂತ್ರದ ಮುಂದೆ ಹದಿನೆಂಟು ವರ್ಷ ಕೂತವಳು. ದೂರದೇಶದಲ್ಲಿ ಯಾರೋ ಒಂದು ಫೋಟೋವನ್ನು ಉರುಳೆಗೆ ಸುತ್ತಿ ತಿರುಗಿಸುತ್ತಾರೆ. ಬೆಳಕಿನ ಚುಕ್ಕೆಯೊಂದು ಅದನ್ನು ಗೆರೆಗೆರೆಯಾಗಿ ಸವರುತ್ತದೆ. ಬಿಳಿಗೊಂದು ಸ್ವರ, ಕಪ್ಪಿಗೊಂದು ಸ್ವರ ರೇಡಿಯೋ ಅಲೆಯ ಹೆಗಲೇರಿ ಹೊರಡುತ್ತವೆ. ಇಲ್ಲಿ ಅದೇ ವೇಗದಲ್ಲಿ ತಿರುಗುವ ಇನ್ನೊಂದು ಉರುಳೆಯ ಮೇಲೆ ಆ ಸ್ವರಗಳು ಮತ್ತೆ ಗೆರೆಗಳಾಗುತ್ತವೆ. ವೇಗ ಕೂದಲೆಳೆಯಷ್ಟು ತಪ್ಪಿದರೂ ಚಿತ್ರದಲ್ಲಿ ನೆಟ್ಟಗಿದ್ದವರು ಕುಡಿದವರಂತೆ ವಾಲುತ್ತಾರೆ.

ಅವಳ ಅತ್ತೆಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. "ಗಾಳೀಲಿ ಫೋಟೋ ಬರುತ್ತಂತೆ! ಕಿಟಕಿ ಹಾಕ್ಕೊಂಡು ಕೂತ್ರೆ ಒಳಗೆ ಹೇಗೆ ಬರುತ್ತೆ, ಹೇಳು?"

ಆ ವರ್ಷ ಮಂತ್ರಿಗಳು ಕೆಲಸದ ಶಿಸ್ತು ಕುರಿತ ಸಮ್ಮೇಳನಕ್ಕೆಂದು ಕಡಲಾಚೆ ಹೋದರು. ಅಲ್ಲಿನ ದೊಡ್ಡವರ ಕೈಕುಲುಕುವ ಚಿತ್ರಕ್ಕಾಗಿ ಸಂಪಾದಕರು ಮುಖಪುಟದಲ್ಲಿ ಅರ್ಧ ಜಾಗ ಬಿಟ್ಟು ಕಾದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಉರುಳೆ ತಿರುಗಿತು. ಚಿತ್ರದ ಮೇಲಂಚಿನ ಪರದೆ ಬಂತು, ದೀಪ ಬಂತು, ಕ್ಯಾಮೆರಾಗೆ ಬೆನ್ನು ಮಾಡಿ ನಿಂತ ಅಲ್ಲಿನ ದೊಡ್ಡವರ ನೆತ್ತಿ ಬಂತು. ಸೂರ್ಯನಲ್ಲಿ ಅದೇನು ಕೋಲಾಹಲವೆದ್ದು ರೇಡಿಯೋ ಅಲೆ ಕಲಕಿತೋ, ಸರಿಯಾಗಿ ಮುಖ ಬರುವ ಹೊತ್ತಿಗೆ ಯಂತ್ರ ಗೊರಗೊರ ಎಂದಿತು. ಆಮೇಲೆ ಕೋಟು, ಹೊಟ್ಟೆ, ಕುಲುಕುವ ಕೈಗಳು ಚೆನ್ನಾಗಿ ಬಂದವು. ಕೆಳಗಿನ ವಿವರಣೆಯ ಸಾಲಿಗೆ ಮತ್ತೆ ಗೊರಗೊರ. ಅಲೆಯ ದಾರಿ ನಾಳೆಯವರೆಗೆ ತೆರೆಯುವುದಿಲ್ಲ ಎಂಬ ತಂತಿ ಆ ಕಡೆಯಿಂದ ಬಂತು.

"ಮುಖ ಬಂದಿಲ್ಲ ಸಾರ್" ಎಂದಳು ಗೆರೆಯಕ್ಕ.

"ಮಂತ್ರಿಗಳು ಹೋಗಿದ್ದಾರೆ ಅಂದ್ಮೇಲೆ ಮುಖಾನೂ ಜೊತೇಲೇ ಹೋಗಿರುತ್ತಲ್ಲಮ್ಮ!" ಎಂದು ಸಂಪಾದಕರು ಕಲಾವಿದನನ್ನು ಕರೆದರು.

ಕಲಾವಿದನ ಕೈಗೆ ಸಿಕ್ಕಿದ್ದು ಮಂತ್ರಿಗಳ ಹಳೆಯ ಚುನಾವಣಾ ಚಿತ್ರ. ಅರ್ಧ ಗಂಟೆಯಲ್ಲಿ ಐವತ್ತೆಂಟರ ಹೊಟ್ಟೆಯ ಮೇಲೆ ಮೂವತ್ತೈದರ ಮುಖ ಕೂತಿತು. ಮರುದಿನ ಊರೆಲ್ಲ ನೋಡಿ, ವಿದೇಶದ ಹವೆ ಒಗ್ಗಿದೆ ಎಂದಿತು.

ಅದೇ ದಿನ ಮಧ್ಯಾಹ್ನ ಅಲೆಯ ದಾರಿ ತೆರೆದು, ಚಿತ್ರ ಚೊಕ್ಕವಾಗಿ ಮತ್ತೆ ಬಂತು. ಕೋಟಿನ ಮೇಲಿದ್ದದ್ದು ಮಂತ್ರಿಗಳ ಕಾರ್ಯದರ್ಶಿಯ ಮುಖ. ಕೆಳಗಿನ ಸಾಲು ಹೇಳುತ್ತಿತ್ತು: 'ಮಂತ್ರಿಗಳು ನಿದ್ದೆಯಿಂದ ಏಳದ ಕಾರಣ, ಅವರ ಪರವಾಗಿ.' ಸಂಪಾದಕರು ಅದನ್ನು ಎರಡು ಸಲ ಓದಿ, ಡ್ರಾಯರಿಗೆ ಹಾಕಿ ಬೀಗ ಜಡಿದರು.

ತಿರುಗಿ ಬಂದ ಮಂತ್ರಿಗಳಿಗೆ ಮುಖಪುಟದಲ್ಲಿ ತಮ್ಮ ಮುಖ ಕಂಡು ಪರಮಾನಂದ. ತಾವು ಹೋಗದ ಕಡೆಯೂ ಇದ್ದೆವೆಂಬುದು ಅವರಿಗೆ ಹೊಸ ಅನುಭವವೇನಲ್ಲ. ಪತ್ರಿಕೆಗೆ ತಾಂತ್ರಿಕ ಸಾಧನೆಯ ಫಲಕ ಕೊಡಲು ತಾವೇ ಬಂದು, ಗೆರೆಯಕ್ಕನನ್ನು ವೇದಿಕೆಗೆ ಕರೆದರು. "ಸಾವಿರಾರು ಮೈಲಿಯಿಂದ ನನ್ನ ಮುಖಾನ ಚೂರೂ ಕೆಡದ ಹಾಗೆ ತಂದ್ರಿ! ಹೇಗೆ ತಂದ್ರಿ, ನೀವೇ ಹೇಳಿ."

ಗೆರೆಯಕ್ಕ ಮೈಕಿನ ಮುಂದೆ ಬಂದಳು. "ನಾನು ತಂದಿಲ್ಲ ಸಾರ್. ಕೋಟು, ಕೈ ಕಾರ್ಯದರ್ಶಿಗಳದು. ಮುಖ ನಮ್ಮ ಕಲಾವಿದರದು. ನೀವು ಮಲಗಿದ್ರಂತೆ."

ಮೊದಲು ನಕ್ಕವರು ಮಂತ್ರಿಗಳೇ. ಅವರು ನಕ್ಕ ಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. 'ನಗೆಚಟಾಕಿ ಹಾರಿಸಿದ ಮಹಿಳಾ ಸಿಬ್ಬಂದಿ' ಎಂದು ಮರುದಿನ ಅದೇ ಪತ್ರಿಕೆ ಬರೆಯಿತು. ಸೋಮವಾರ ಅವಳನ್ನು ನಿಧನವಾರ್ತೆಯ ಮೇಜಿಗೆ ಎತ್ತಿ ಹಾಕಿದರು.

"ಸುಮ್ನೆ ಇರೋಕಾಗ್ತಿರ್ಲಿಲ್ವಾ?" ಎಂದ ಗಂಡ.

"ಅವರೇ ಕೇಳಿದ್ರಲ್ಲ!"

ಅತ್ತೆ ಮಾತ್ರ ಜೀವಮಾನದಲ್ಲಿ ಮೊದಲ ಸಲ ಸೊಸೆಯ ತಟ್ಟೆಗೆ ತಾನೇ ಬಡಿಸಿದಳು.

ಯಂತ್ರದ ಮುಂದೆ ಈಗ ಸಂಪಾದಕರ ಸೋದರಳಿಯ ಕೂತ. ಅವನ ಕಾಲದಲ್ಲಿ ಒಂದೇ ಒಂದು ಚಿತ್ರವೂ ಕೆಟ್ಟು ಬರಲಿಲ್ಲ. ಕಲಾವಿದನ ಮೇಜನ್ನು ಆ ಕೋಣೆಗೇ ಎಳೆದು ಹಾಕಿದ್ದರು.