ಅಕ್ಕನ ಮನೆಯ ಕರಿಹಲಗೆ

ನನ್ನ ಅಕ್ಕ ಪರದೆ ಹೊಲಿಯುವವಳು. ಪರದೆ, ದಿಂಬಿನ ಚೀಲ, ಸೋಫಾದ ಗವಸು, ಮೇಜಿನ ಹೊದಿಕೆ ಎಲ್ಲ ಹೊಲಿಯುತ್ತಾಳೆ. ಊರಿನ ಅರ್ಧ ಕಿಟಕಿಗಳಲ್ಲಿ ಅವಳ ಕೈಕೆಲಸ ತೂಗುತ್ತದೆ. ಅವಳದೇ ಕಿಟಕಿಗೆ ಮಾತ್ರ ಬಹಳ ವರ್ಷ ಹಳೆಯ ಬೆಡ್‌ಶೀಟೇ ಗತಿಯಾಗಿತ್ತು. ಕೇಳಿದರೆ, "ಹೊಲಿಯೋಣ ಬಿಡೇ, ಏನವಸರ" ಎನ್ನುತ್ತಿದ್ದಳು. ಅಂಥವಳು ಹೋದ ವರ್ಷ ಇದ್ದಕ್ಕಿದ್ದಂತೆ ಮನೆ ಸಿಂಗಾರಕ್ಕೆ ಇಳಿದಳು. ಅದೂ ಎಂಥ ಹೊತ್ತಿನಲ್ಲಿ! ಭಾವನಿಗೆ ಲಕ್ವ ಹೊಡೆದು, ಬಲಗೈ ಸೋತು, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ.

ಭಾವ ಅಂಗಡಿಗಳಿಗೆ ಬೋರ್ಡು ಬರೆಯುವವರು. ಬೀದಿಯೆಲ್ಲ ಅವರನ್ನು ಬೋರ್ಡಣ್ಣ ಎಂದೇ ಕರೆಯುತ್ತದೆ. ಗೆರೆ ಹಾಕಿಕೊಳ್ಳದೆ ನೆಟ್ಟಗೆ ಬರೆಯುವ ಕೈ ಅದು. ಆ ಕೈ ಪಳಗಿದ ಕಥೆಯನ್ನು ಅವರು ನಮಗೆ ನೂರು ಸಲ ಹೇಳಿದ್ದಾರೆ. ಅಕ್ಷರ ಮುದ್ದಾಗಿದೆಯೆಂದು ಮೇಷ್ಟ್ರು ದಿನಾ ಬೆಳಿಗ್ಗೆ ಇವರಿಗೇ ಸೀಮೆಸುಣ್ಣ ಕೊಟ್ಟು, ಕರಿಹಲಗೆಯ ಮೂಲೆಯಲ್ಲಿ ತಾರೀಖು ಬರೆಸುತ್ತಿದ್ದರಂತೆ. ಅದರ ಕೆಳಗೆ ತರಗತಿಯಲ್ಲಿ ಒಟ್ಟು ಎಷ್ಟು ಮಕ್ಕಳು, ಹಾಜರು ಎಷ್ಟು ಎಂದು ಬರೆಯಬೇಕು. "ನನ್ನ ಮೊದಲನೇ ಬೋರ್ಡು ಅದೇ ಕಣಮ್ಮ" ಎನ್ನುವಾಗ ಅವರ ಎದೆ ಉಬ್ಬುತ್ತಿತ್ತು.

ಈಗ ಡಾಕ್ಟರು, "ಎಡಗೈಯಲ್ಲಿ ಬರೆದು ಅಭ್ಯಾಸ ಮಾಡಿ, ಖಂಡಿತ ಬರುತ್ತೆ" ಎಂದಿದ್ದರು. ಅಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು ತಂದುಕೊಟ್ಟಳು. ಮೊದಲ ಪುಟದಲ್ಲಿ ಬಿದ್ದದ್ದು ಬರೀ ಕಾಗೆಕಾಲು ಗುಬ್ಬಿಕಾಲು. ಭಾವ ಅದನ್ನೇ ಸ್ವಲ್ಪ ಹೊತ್ತು ನೋಡಿ ಪುಸ್ತಕವನ್ನು ಮಂಚದ ಕೆಳಕ್ಕೆ ತಳ್ಳಿದರು. ಅಂದಿನಿಂದ ಎಡಗೈಯೂ ಹೊದಿಕೆಯೊಳಗೆ ಸೇರಿತು. ನಾಲಿಗೆ ಕೊಂಚ ತೊದಲುತ್ತಿತ್ತು, ಆ ನಾಚಿಕೆಗೆ ಮಾತೂ ನಿಂತುಹೋಯಿತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಮನೆಯಲ್ಲಿ ಬಂಗಾರ ಹೆಚ್ಚಾಗಿ ನನಗೆ ಉಸಿರುಕಟ್ಟುತ್ತಿತ್ತು.

ಅದೇ ಸಮಯಕ್ಕೆ ಅಕ್ಕ ಹೊಸ ಗಿರಾಕಿಯೊಬ್ಬರ ಮನೆಗೆ ಪರದೆ ಹಾಕಲು ಹೋಗಿದ್ದಳು. ಆ ಮನೆಯ ನಡುಮನೆಯನ್ನು ಹಳೇ ಕಾಲದ ಶಾಲೆಯ ಹಾಗೆ ಸಜ್ಜುಮಾಡಿದ್ದರಂತೆ. "ಶಾಲೆ ಯಾವಾಗ ಬಿಡುತ್ತೋ ಅಂತ ಕಾಯ್ತಿದ್ದವರೇ ಈಗ ಅದನ್ನ ಮನೆಗೆ ತಂದಿಟ್ಕೊಂಡಿದ್ದಾರೆ ನೋಡೇ" ಎಂದು ನನ್ನೆದುರು ಬಿದ್ದು ಬಿದ್ದು ನಕ್ಕಳು. ನಕ್ಕವಳು ಸುಮ್ಮನಿದ್ದಳೇ? ಮರುವಾರವೇ ಗುಜರಿ ಅಂಗಡಿಗೆ ಹೋಗಿ ನಿಂತಳು.

ನಾನು ಹೋಗಿ ನೋಡುವಷ್ಟರಲ್ಲಿ ಮನೆಯ ಗುರುತೇ ಸಿಗಲಿಲ್ಲ. ಗೋಡೆಯ ಕೆಳಗರ್ಧಕ್ಕೆ ಹಸಿರು ಬಣ್ಣ, ಮೇಲೆ ಕೆನೆಬಣ್ಣ. ಮಸಿಕುಡಿಕೆಗೆ ತೂತಿರುವ ಉದ್ದ ಬೆಂಚು, ಒಂದು ಕಡೆ ತಗ್ಗು ಬಿದ್ದ ಭೂಗೋಳ, ಕೋಲಿಗೆ ಸುತ್ತಿಡುವ ನಕಾಶೆ. ಚಾವಣಿಯಿಂದ ಹಾಲುಗಾಜಿನ ದುಂಡು ದೀಪ ಇಳಿಬಿದ್ದಿತ್ತು. ಕಿಟಕಿಗೆ ಕೊನೆಗೂ ಪರದೆ ಬಂದಿತ್ತು, ಯೂನಿಫಾರಮ್ಮಿನ ಚೌಕುಳಿ ಬಟ್ಟೆಯದು. ಇಷ್ಟಾದರೆ ಹೋಗಲಿ ಎನ್ನಬಹುದಿತ್ತು. ಭಾವನ ಮಂಚವನ್ನು ನಡುಮನೆಗೆ ತಂದು, ಅದರ ಎದುರಿಗೇ ದೊಡ್ಡದೊಂದು ಕರಿಹಲಗೆಯನ್ನು ಗೋಡೆಗೆ ಹೊಡೆದು ಕೂರಿಸುತ್ತಿದ್ದಳು, ಬಾಯಲ್ಲಿ ಮೊಳೆ ಕಚ್ಚಿಕೊಂಡು!

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಅಕ್ಕಾ, ತಲೆ ನೆಟ್ಟಗಿದೆಯಾ ನಿಂಗೆ? ಬರೆಯೋಕಾಗ್ದೆ ಒದ್ದಾಡ್ತಿರೋ ಮನುಷ್ಯನ ಕಣ್ಣೆದುರಿಗೆ ಕರಿಹಲಗೆ ತಂದು ನಿಲ್ಲಿಸ್ತೀಯಲ್ಲ! ಗಾಯದ ಮೇಲೆ ಬರೆ ಎಳೀತಿದೀಯ."

ಅಕ್ಕ ಬಾಯಿಂದ ಮೊಳೆಗಳನ್ನು ತೆಗೆದಳು. "ಕಾಗದದ ಮೇಲೆ ಬರೆದದ್ದು ಹಾಗೇ ಉಳಿಯುತ್ತೆ ಕಣೇ. ಕೆಟ್ಟದಾಗಿ ಬಂದ್ರೆ ಅದೇ ಕಣ್ಣಿಗೆ ಚುಚ್ಚುತ್ತೆ. ಹಲಗೆ ಮೇಲಾದ್ರೆ ಒರೆಸಿದ್ರೆ ಮುಗೀತು, ಯಾರಿಗೂ ಗೊತ್ತಾಗಲ್ಲ." ಆಮೇಲೆ ದನಿ ತಗ್ಗಿಸಿದಳು. "ಬರೀದೆ ಹೋದ್ರೆ ಅವರು ಮತ್ತೆ ಅವರಾಗಲ್ಲ. ನಂಗೆ ಭಯ ಆಗ್ತಿದೆ."

ನನ್ನ ಅಕ್ಕನ ಬಾಯಲ್ಲಿ ಭಯ ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

ಭಾವ ಹಲಗೆ ನೋಡಿ, "ಸರ್ಕಸ್ಸು" ಎಂದು ತೊದಲಿ ಮಗ್ಗುಲು ಬದಲಿಸಿದರು. ಅಕ್ಕ ಜಗ್ಗಲಿಲ್ಲ. ದಿನಾ ಬೆಳಿಗ್ಗೆ ತಾನೇ ಮೂಲೆಯಲ್ಲಿ ತಾರೀಖು ಬರೆದು ಕೆಲಸಕ್ಕೆ ಹೋಗುವಳು. ಅದೇನು ಬರಹ ಅಂತೀರಿ! ಸಾಲು ಎಡದಿಂದ ಹೊರಟು ಬಲಕ್ಕೆ ಬರುವಷ್ಟರಲ್ಲಿ ಇಳಿಜಾರು ಹಿಡಿದಿರುತ್ತಿತ್ತು. ಗುರುತು ಹಾಕದೆ ಮಾರುಗಟ್ಟಲೆ ಬಟ್ಟೆಯನ್ನು ನೆಟ್ಟಗೆ ಕತ್ತರಿಸುವ ಹೆಂಗಸಿಗೆ ಗೇಣುದ್ದದ ಒಂದು ಸಾಲು ಬರುವುದಿಲ್ಲವೆಂದರೆ ನಾನಂತೂ ನಂಬಲಾರೆ. ಕೇಳಿದರೆ, "ನಾನೇನು ನಿನ್ನಷ್ಟು ಓದಿದೀನಾ?" ಎಂದು ಜಾರಿಕೊಂಡಳು. ಭಾವ ಮಾತ್ರ ಆ ಸಾಲು ಕಂಡಾಗಲೆಲ್ಲ ಹಲ್ಲುನೋವು ಬಂದವರ ಹಾಗೆ ಮುಖ ಕಿವುಚುತ್ತಿದ್ದರು.

ಒಂದು ದಿನ ಮಧ್ಯಾಹ್ನ ಹೋದಾಗ ತಾರೀಖು ಇರಲಿಲ್ಲ. ಹಲಗೆ ಖಾಲಿ. ಭಾವ ಮಲಗಿದ್ದರು, ಹೊದಿಕೆಯ ಅಂಚಿಗೆ ಬಿಳಿ ಪುಡಿ ಮೆತ್ತಿತ್ತು. ಸಂಜೆ ಅಕ್ಕನಿಗೆ ಹೇಳಿದರೆ, "ಅಪ್ಪಿತಪ್ಪಿ ಅವರ ಮುಂದೆ ಬಾಯಿ ಬಿಟ್ಟೀಯ, ಜೋಕೆ" ಎಂದು ಬೆರಳು ತೋರಿಸಿದಳು. ನನ್ನಂಥವಳಿಗೆ ಬಾಯಿ ಮುಚ್ಚಿಕೊಂಡಿರುವುದೆಂದರೆ ಏನು ಕಡಿಮೆ ಶಿಕ್ಷೆಯೇ? ಆದರೂ ಮುಚ್ಚಿಕೊಂಡೆ. ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಹಲಗೆ ಖಾಲಿಯೇ. ಬೆಂಚಿನ ತೂತಿನಲ್ಲಿಟ್ಟಿದ್ದ ಸೀಮೆಸುಣ್ಣ ಮಾತ್ರ ಗಿಡ್ಡವಾಗುತ್ತಾ ಬರುತ್ತಿತ್ತು. ಅಕ್ಕ ಮಾತಾಡದೆ ಹೊಸದು ತಂದಿಡುತ್ತಿದ್ದಳು.

ಕೊನೆಗೊಂದು ಸಂಜೆ ಅಕ್ಕನಿಗೆ ದೊಡ್ಡ ಮನೆಯೊಂದರ ಕೆಲಸವಿತ್ತು. ಪರದೆ ತೂಗುಹಾಕುವ ಕೊಳವೆ ಗೋಡೆಯಲ್ಲಿ ನಿಲ್ಲದೆ ಹೊತ್ತಾಯಿತು. ಸಹಾಯಕ್ಕೆ ನಾನೂ ಹೋಗಿದ್ದೆ. ಬಸ್ಸೂ ಸಿಗಲಿಲ್ಲ. ಅಕ್ಕ ದಾರಿಯುದ್ದಕ್ಕೂ, "ಒಬ್ಬರೇ ಇದ್ದಾರೆ, ಒಬ್ಬರೇ ಇದ್ದಾರೆ" ಎಂದು ಚಡಪಡಿಸುತ್ತಾ ಬಂದಳು. ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವಳ ಹೆಗಲ ಮೇಲಿಂದ ನಾನೂ ಇಣುಕಿದೆ.

ದೀಪ ಉರಿಯುತ್ತಿತ್ತು. ಭಾವ ಗೋಡೆಗೆ ಭುಜ ಕೊಟ್ಟು ನಿಂತಿದ್ದರು, ಎಡಗೈಯಲ್ಲಿ ಸೀಮೆಸುಣ್ಣ. ಹಲಗೆಯ ಮೂಲೆಯಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ತಾರೀಖು, ಅದರ ಕೆಳಗೆ:

ಒಟ್ಟು ೨
ಹಾಜರು ೧

ಅಕ್ಷರಗಳು ಅಲ್ಲಲ್ಲಿ ನಡುಗಿದ್ದವು. ಸಾಲು ಮಾತ್ರ ನೆಟ್ಟಗಿತ್ತು. ಬಾಗಿಲ ಸದ್ದಾದರೂ ಈ ಸಲ ಇವರು ಒರೆಸಲಿಲ್ಲವಲ್ಲ ಎಂದುಕೊಂಡೆ.

ಅಕ್ಕ ಒಳಗೆ ಓಡುತ್ತಾಳೆ, ಅಳುತ್ತಾಳೆ ಎಂದುಕೊಂಡರೆ, ಅವಳು ಚೀಲವನ್ನು ಎದೆಗೆ ಅವಚಿಕೊಂಡು ಹೊಸ್ತಿಲಾಚೆಯೇ ನಿಂತು, "ಲೇಟಾಯ್ತು ಸಾರ್. ಒಳಗೆ ಬರಲಾ?" ಎಂದಳು. ಕಣ್ಣಲ್ಲಿ ಮಾತ್ರ ನೀರು ಸುರಿಯುತ್ತಿತ್ತು.

ಭಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು, ಮೇಷ್ಟ್ರಿಗಿಂತ ಹೆಚ್ಚು ಗತ್ತಿನಲ್ಲಿ. "ಬಾ" ಎಂದರು. ಮುಂಗೈಯಿಂದ ಒಂದನ್ನು ಒರೆಸಿ, ನಿಧಾನವಾಗಿ, ತುಟಿ ಕಚ್ಚಿಕೊಂಡು, ಅಲ್ಲಿ ಎರಡು ಬರೆದರು.

"ನಾನು ಲೆಕ್ಕಕ್ಕಿಲ್ವಾ ಭಾವ?" ಎಂದೆ, ಅಳು ನುಂಗಿಕೊಂಡು.

ಎಷ್ಟೋ ತಿಂಗಳ ಮೇಲೆ ಭಾವನ ಬಾಯಿಂದ ಪೂರ್ತಿ ಮಾತು ಹೊರಟಿತು. ತೊದಲಿತು, ಆದರೆ ನಿಲ್ಲಲಿಲ್ಲ. "ನೀನು ಇನ್‌ಸ್ಪೆಕ್ಟ್ರಮ್ಮ. ಬರೋದೇ ತಪ್ಪು ಹುಡುಕೋಕೆ. ಕೂತ್ಕೋ."

ನಾನು ಹೋಗಿ ಬೆಂಚಿನ ಮೇಲೆ ಕುಳಿತೆ.