ಪ್ಲೀಸ್ ವೇಟ್ ಎಂದ ಯಂತ್ರ

ಕೋವಿಡ್ ಕಳೆದ ಮರುವರ್ಷದ ಮಾತು. ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಂಪನಿಯಲ್ಲಿ ನಾನು ಹಿರಿಯ ಸಪೋರ್ಟ್ ಇಂಜಿನಿಯರ್ ಆಗಿದ್ದೆ. ನೀರು ಶುದ್ಧೀಕರಿಸುವ ಆರ್‌ಒ ಪ್ಲಾಂಟ್‌ಗಳನ್ನು ನಡೆಸುವ ಕಂಟ್ರೋಲರ್‌ಗಳನ್ನು ನಮ್ಮವರು ತಯಾರಿಸುತ್ತಿದ್ದರು. ಅವುಗಳ ಸಾಫ್ಟ್‌ವೇರ್ ಕೈಕೊಟ್ಟಾಗ ಓಡಬೇಕಾದವಳು ನಾನು. ಸಪೋರ್ಟ್ ಎಂದರೆ ಯಾರೋ ಬರೆದ ಪ್ರೋಗ್ರಾಂಗೆ ನಾವು ಬೈಸಿಕೊಳ್ಳುವ ಉದ್ಯೋಗ.

ಆಯುಧಪೂಜೆಯ ಬೆಳಗ್ಗೆ ವಿಮಾನಪುರದ ಮನೆಯ ಮುಂದೆ ಸ್ಕೂಟರ್ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದೆ. ಹಲಸೂರಿನ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರದಿಂದ ಮ್ಯಾನೇಜರ್ ಮುನಿರಾಜು ಫೋನ್ ಮಾಡಿದರು.

"ಮೇಡಂ, ಬೆಳಗ್ಗೆಯಿಂದ ಸ್ಕ್ರೀನ್ ಮೇಲೆ ಪ್ಲೀಸ್ ವೇಟ್ ಅಂತಾನೇ ಬರ್ತಿದೆ. ಪೇಷಂಟ್‌ಗಳು ಬಂದ್ಬಿಟ್ಟಿದಾರೆ. ಬೇಗ ಬನ್ನಿ."

ಮೂತ್ರಪಿಂಡ ಕೆಟ್ಟವರ ರಕ್ತ ತೊಳೆಯಲು ಡಯಾಲಿಸಿಸ್ ಯಂತ್ರಕ್ಕೆ ಬಹಳ ಶುದ್ಧವಾದ ನೀರು ಬೇಕು. ಆರ್‌ಒ ಪ್ಲಾಂಟ್ ನಿಂತರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ನಿಂಬೆಹಣ್ಣಿನ ಮೇಲೆ ಸ್ಕೂಟರ್ ಹತ್ತಿಸಿಕೊಂಡೇ ಹೊರಟೆ.

ತೊಂದರೆ ಏನೆಂಬುದು ಕ್ಯಾಬಿನೆಟ್ ತೆರೆದ ಸ್ವಲ್ಪ ಹೊತ್ತಿಗೇ ತಿಳಿಯಿತು. ಪಂಪು ಯಾವ ಒತ್ತಡದಲ್ಲಿ ಓಡಬೇಕು, ನೀರು ಎಷ್ಟು ಶುದ್ಧವಾದರೆ ಮುಂದೆ ಬಿಡಬೇಕು ಎಂಬ ಆಯಾ ಜಾಗದ ಲೆಕ್ಕಗಳಿಗೆ ಕಾನ್ಫಿಗರೇಶನ್ ಎನ್ನುತ್ತೇವೆ. ಅವು ಒಂದು ಮೆಮೊರಿ ಕಾರ್ಡ್‌ನಲ್ಲಿರುತ್ತವೆ. ಪವರ್ ಬಂದಾಗ ಪ್ರೋಗ್ರಾಂ ಒಮ್ಮೆ ಕಾರ್ಡ್ ಓದಿಕೊಳ್ಳುತ್ತದೆ. ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆ ಕೇಂದ್ರ ಶುರುವಾದಾಗಿನಿಂದ ಪ್ಲಾಂಟ್ ಆಫ್ ಆಗಿರಲೇ ಇಲ್ಲ. ಇದು ಅಲ್ಲಿಯ ಮೊದಲ ಆಯುಧಪೂಜೆ. ಓಡುವ ಯಂತ್ರಕ್ಕೆ ಪೂಜೆ ಮಾಡುವುದು ಹೇಗೆ? ಹಿಂದಿನ ಸಂಜೆ ಆಫ್ ಮಾಡಿ, ತೊಳೆದು, ಹೂ ಹಾಕಿದ್ದರು. ಈಗ ಪ್ರೋಗ್ರಾಂಗೆ ಕಾರ್ಡ್ ಓದಲಾಗುತ್ತಿಲ್ಲ. ಓದಲಾಗದಿದ್ದರೆ ಮತ್ತೆ ಪ್ರಯತ್ನಿಸು ಎಂದು ಬರೆದಿದ್ದ ಪುಣ್ಯಾತ್ಮ, ಎಲ್ಲಿಯವರೆಗೆ ಎಂದು ಬರೆದಿರಲಿಲ್ಲ. ಅದು ಪ್ರಯತ್ನಿಸುತ್ತಲೇ ಇತ್ತು. ಪ್ಲೀಸ್ ವೇಟ್ ಎನ್ನುತ್ತಿತ್ತು. ಇವರೂ ಮರ್ಯಾದಸ್ಥರು, ಕಾದಿದ್ದರು.

ಕಾಯುತ್ತಿದ್ದವರಲ್ಲಿ ಶರಣಪ್ಪ ಒಬ್ಬ. ಯಾದಗಿರಿ ಕಡೆಯವನು; ಕೆ.ಆರ್.ಪುರದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರ ವಾಚ್‌ಮನ್. ಬದಲಿ ಆಳು ಸಿಗದೆ ಡಯಾಲಿಸಿಸ್‌ನ ಹಿಂದಿನ ಸರದಿ ತಪ್ಪಿಸಿಕೊಂಡಿದ್ದನಂತೆ. ಮುಖ ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನರ್ಸ್ ಆಕ್ಸಿಜನ್ ಕೊಟ್ಟು ಕೂರಿಸಿದ್ದರು. ಅವನ ಹೆಂಡತಿ ನಿಂಗಮ್ಮ ಮತ್ತೆ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ನೀರು ಬಂತೇನ್ರಿ?"

"ಇನ್ನೈದು ನಿಮಿಷಮ್ಮ," ಎನ್ನುತ್ತಿದ್ದರು ಮುನಿರಾಜು. ಕೆಟ್ಟ ಮನುಷ್ಯರಲ್ಲ, ಮೂಗಿಗೆ ತುಪ್ಪ ಸವರುವುದೇ ಸಮಾಧಾನ ಹೇಳುವ ರೀತಿ ಎಂದುಕೊಂಡವರು.

ಕಾರ್ಡನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದೆ, ಅಲ್ಲೂ ಬರಲಿಲ್ಲ. ಅದರ ಪ್ರತಿ ಆಫೀಸಿನ ಕಂಪ್ಯೂಟರಿನಲ್ಲಿತ್ತು. ಆ ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಆಫ್ ಮಾಡಿ, ಆಫೀಸಿಗೆ ಬೀಗ ಜಡಿದಿದ್ದರು. ಬೀಗದ ಕೈ ಹಿಡಿದುಕೊಂಡು ಮಾಲೀಕರು ಮೈಸೂರಿಗೆ ಹೋಗಿದ್ದರು, ದಸರಾ ನೋಡಲು. ಅವರ ಫೋನ್ ಹತ್ತಲಿಲ್ಲ. ಯಾರ ಫೋನೂ ಹತ್ತಲಿಲ್ಲ. ನನ್ನ ಕೈಯಿಂದ ಸ್ಕ್ರೂಡ್ರೈವರ್ ಎರಡು ಸಲ ಬಿತ್ತು.

ಮುನಿರಾಜು ಹತ್ತಿರ ಬಂದು ದನಿ ತಗ್ಗಿಸಿದರು. "ಫ್ಯಾಕ್ಟರಿ ಸೆಟ್ಟಿಂಗ್ ಹಾಕಿ ಸ್ಟಾರ್ಟ್ ಮಾಡ್ಬಿಡಿ ಮೇಡಂ. ನೀರು ಬಂದ್ರೆ ಸಾಕು."

"ಅದು ಕುಡಿಯೋ ನೀರಿನ ಲೆಕ್ಕ, ಸರ್. ಆ ನೀರು ಇವರ ರಕ್ತಕ್ಕೆ ಸೇರಿದ್ರೆ?"

ಹಾಗೆಂದೆನಾದರೂ ಆ ಬಟನ್ ಮೇಲೆ ಬೆರಳಿಡುವ ಆಸೆ ನನಗೂ ಆಯಿತು. ಅಷ್ಟರಲ್ಲಿ ನಿಂಗಮ್ಮ ಮತ್ತೆ ಬಂದಳು. ಈ ಸಲ ನನ್ನನ್ನೇ ಕೇಳಿದಳು.

"ಅಕ್ಕಾರ, ಇವರಿಗಿ ಉಸಿರಾಡ್ಲಾಕ ಆಗವಲ್ದು. ಎಷ್ಟೊತ್ತಾಗ್ತದ್ರಿ?"

ಐದು ನಿಮಿಷ ಎಂಬ ಮಾತು ನನ್ನ ಬಾಯಿತುದಿಗೂ ಬಂದಿತ್ತು. ಸ್ಕ್ರೀನ್ ಮೇಲೆ ಆ ಪ್ಲೀಸ್ ವೇಟ್ ಕಂಡು ಮೈಯೆಲ್ಲ ಉರಿಯಿತು.

"ನನಗೆ ಗೊತ್ತಿಲ್ಲಮ್ಮ," ಎಂದೆ. "ಇವತ್ತು ಆಗುತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಇಲ್ಲಿ ಕಾಯ್ಬೇಡಿ. ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ, ಈಗ್ಲೇ."

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ರಟ್ಟೆ ಹಿಡಿದಳು. ಬಾಳೆಕಂದು ಕಟ್ಟಿಕೊಂಡಿದ್ದ ಆಟೋವೊಂದನ್ನು ನರ್ಸ್ ರಸ್ತೆಗೇ ಅಡ್ಡ ನಿಂತು ನಿಲ್ಲಿಸಿದರು. ಆಕ್ಸಿಜನ್ ಸಿಲಿಂಡರ್ ಸಮೇತ ತಾವೂ ಹತ್ತಿದರು. ಆಟೋ ದೊಡ್ಡಾಸ್ಪತ್ರೆಯಿದ್ದ ಶಿವಾಜಿನಗರದ ಕಡೆ ಹೋಯಿತು.

ಪ್ಲಾಂಟ್ ನೋಡಿಕೊಳ್ಳುವ ಮುರುಗನ್ ಅಲ್ಲಿಯವರೆಗೆ ಮೂಲೆಯಲ್ಲಿ ನಿಂತೇ ಇದ್ದ. ಪ್ಯಾನೆಲ್ ಒರೆಸುವ ಮುಂಚೆ ಕಾರ್ಡ್ ತೆಗೆದಿದ್ದಿರಾ ಎಂದು ಕೇಳಿದೆ.

"ತೆಗ್ದೆ ಮೇಡಂ. ನೀರು ಬೀಳ್ಬಾರ್ದು ಅಂತ. ಸ್ಪ್ಯಾನರ್ ಜೊತೆ ತಟ್ಟೇಲಿಟ್ಟು, ಅದಕ್ಕೂ ಪೊಟ್ಟು ಇಟ್ಟೆ. ಅದೂ ಮಷೀನೇ ಅಲ್ವಾ?"

ಕಾರ್ಡನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಒಳಗೆ ಸೇರುವ ಹಿತ್ತಾಳೆ ಬಣ್ಣದ ಪಟ್ಟಿಗಳ ಮೇಲೆ ಗಂಧ ತೆಳುವಾಗಿ ಒಣಗಿತ್ತು, ನಡುವೆ ಕುಂಕುಮದ ಬೊಟ್ಟು. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಮಾತು ನೆನಪಾಗಿ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡ್ರೆಸ್ಸಿಂಗ್ ಟ್ರೇಯಿಂದ ಸ್ಪಿರಿಟ್ ಹತ್ತಿ ತಂದು ಮುರುಗನ್ ಕೈಯಲ್ಲೇ ಒರೆಸಿಸಿದೆ. ಕಾರ್ಡ್ ಹಾಕಿದ ಕೂಡಲೇ ಪ್ರೋಗ್ರಾಂ ಎಲ್ಲವನ್ನೂ ಓದಿತು.

ಆದರೂ ನೀರು ಬರಲಿಲ್ಲ. ನಿಂತ ಪ್ಲಾಂಟ್ ತನ್ನ ಪೈಪುಗಳನ್ನು ತೊಳೆದುಕೊಳ್ಳಬೇಕು, ಪರೀಕ್ಷೆ ಆಗಬೇಕು. ಮೊದಲ ರೋಗಿಯನ್ನು ಯಂತ್ರಕ್ಕೆ ಹಾಕಿದಾಗ ಮಧ್ಯಾಹ್ನ ಇಳಿದಿತ್ತು. ಅಷ್ಟು ಹೊತ್ತೂ ನಾನು ಕುಂಬಳಕಾಯಿ ಒಡೆದಿದ್ದ ಮೆಟ್ಟಿಲ ಮೇಲೆ ಕೂತು ನರ್ಸ್ ಫೋನಿಗೆ ಕಾದೆ. ಇನ್ನರ್ಧ ಗಂಟೆ ತಡವಾಗಿದ್ದರೆ ಶರಣಪ್ಪ ಉಳಿಯುತ್ತಿರಲಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರ್ ಹೇಳಿದರೆಂದು ಅವರು ಫೋನಿನಲ್ಲಿ ತಿಳಿಸಿದರು.

ಆ ವಾರ ಆಫೀಸಿನಲ್ಲಿ ಜಗಳವಾಡಿಯೇ ಪ್ರೋಗ್ರಾಂ ಬದಲಾಯಿಸಿದೆ. ಈಗ ಅದು ಮೂರು ಸಲ ಪ್ರಯತ್ನಿಸಿ, ಸೆಟ್ಟಿಂಗ್ ಓದಲಾಗಲಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿ ನಿಲ್ಲುತ್ತದೆ. ಸೋತದ್ದನ್ನು ಬೇಗ ಹೇಳುವುದೂ ನಮ್ಮ ಕೆಲಸದ ಭಾಗ ಎಂದು ಹೊಸಬರಿಗೆ ಕಲಿಸುತ್ತೇನೆ. ಅದನ್ನು ನನಗಿಂತ ಚೆನ್ನಾಗಿ ಹೇಳಿದವಳು ನಿಂಗಮ್ಮ. ಹೊಸ ಸಾಫ್ಟ್‌ವೇರ್ ಹಾಕಲು ಹೋದ ದಿನ ಕೇಂದ್ರದ ಬೆಂಚಿನ ಮೇಲೆ ಗಂಡನ ಚಪ್ಪಲಿ ಕಾಯುತ್ತ ಕೂತಿದ್ದಳು. ಸರಿದು ನನಗೂ ಜಾಗ ಕೊಟ್ಟಳು.

"ಎಲ್ಲಾರೂ ಐದು ನಿಮಿಷ ಅಂದ್ರು, ಕುಂತೆ," ಎಂದಳು. "ನೀವು ಗೊತ್ತಿಲ್ಲ ಅಂದ್ರಿ, ಓಡಿದೆ."