ಆರನೇ ತಗಡಿಗೆ ಬಿದ್ದ ಏಟು

ನಾಲ್ಕು ದಿನದಿಂದ ಮುರ್ತುಜಾನ ಕಾಲು ಒಂದು ಕಡೆ ನಿಂತದ್ದಿಲ್ಲ. ಮುಂಬೈಯ ಬೈಕುಲ್ಲಾದ ಖೋಲಿಯಲ್ಲಿ ಊಟಕ್ಕೆ ಕೂತರೆ ಎದ್ದು ನೀರು ಕುಡಿಯುವುದು, ನೀರು ಕುಡಿದರೆ ಬಾಗಿಲಿಗೆ ಹೋಗಿ ನಿಲ್ಲುವುದು. "ಮೈಯಾಗ ಇರವಿ ಬಿಟ್ಕೊಂಡೀರೇನು?" ಎಂದು ಹೆಂಡತಿ ಬಷೀರಾ ಕೇಳಿಯೇಬಿಟ್ಟಳು.

ವಿಷಯ ಇಷ್ಟೇ. ಪವಾಯಿಯ ಒಂದು ಲ್ಯಾಬಿನಲ್ಲಿ ಅವನು ಲೋಹ ಉಜ್ಜುವವನು. ಅಲ್ಲಿ ಉಡುಪಿ ಕಡೆಯ ಹುಡುಗಿ ಯಕ್ಷಿತಾ ಇನ್ವಾರ್ ಎಂಬ ಮಿಶ್ರಲೋಹದ ಮೇಲೆ ಪಿಎಚ್‌ಡಿ ಮಾಡುತ್ತಾಳೆ. ಕಬ್ಬಿಣಕ್ಕೆ ನಿಕ್ಕಲ್ ಬೆರೆಸಿದ್ದು. ಕಾಯಿಸಿದರೂ ಹಿಗ್ಗುವುದೇ ಇಲ್ಲ ಅನ್ನುವಷ್ಟು ಮೊಂಡು. ಯಾಕೆ ಹಾಗೆ ಎಂದು ತಿಳಿಯಲು ಅದರ ತೆಳು ತಗಡಿನಲ್ಲಿ ಗಾಮಾ ಕಿರಣ ಹಾಯಿಸುತ್ತಾರೆ. ಎಷ್ಟು ಹೀರಿತು, ಎಷ್ಟು ದಾಟಿತು ಎಂದು ಯಂತ್ರ ದಿನಗಟ್ಟಲೆ ಎಣಿಸಿ ಗೆರೆ ಬಿಡಿಸುತ್ತದೆ. ಅವಳ ಸ್ಪೆಕ್ಟ್ರೋಸ್ಕೋಪಿ ಅಂದರೆ ಇದು. ಕೂದಲಿಗಿಂತ ತೆಳ್ಳಗಿನ ಆ ತಗಡನ್ನು ಉಜ್ಜುಕಾಗದದ ಮೇಲೆ ಬೆರಳಿನಿಂದ ಉಜ್ಜಿ ಉಜ್ಜಿ ಇಳಿಸುವುದು ಮುರ್ತುಜಾನ ಕೆಲಸ. ಬಡಿಯಕೂಡದು. ಬಡಿದರೆ ಲೋಹದೊಳಗೆ ಬಿಗಿತ ಕೂತು ಗೆರೆಯೇ ಬದಲಾಗುತ್ತದೆ.

ಐದು ತಗಡು ಸರಿಯಾಗಿ ಮಾಡಿದ. ಆರನೆಯದರ ಒಂದು ಅಂಚು ದಪ್ಪ ಉಳಿಯಿತು. ಅಪ್ಪ, ಅಜ್ಜ ಎಲ್ಲ ಮಿಠಾಯಿಗೆ ಹಚ್ಚುವ ಬೆಳ್ಳಿ ವರ್ಖ ಬಡಿದವರು. ಪುಣ್ಯಾತ್ಮನ ಕೈ ಸುಮ್ಮನಿರಬೇಕಲ್ಲ! ವರ್ಖದ ಹಾಗೆಯೇ ಚರ್ಮದ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದ. ಅಂಚು ಚೆಂದವಾಗಿ ಸಪಾಟಾಯಿತು. ಒಂದು ಮಾತೂ ಹೇಳದೆ ಕೊಟ್ಟುಬಿಟ್ಟ.

ಐದನೆಯ ದಿನ ಬೆಳಿಗ್ಗೆ ಯಕ್ಷಿತಾ ಓಡಿ ಬಂದಳು. "ಚಾಚಾ, ಆರನೇದರ ಗೆರೆ ಬಿಲ್ಕುಲ್ ಅಲಗ್ ಬಂದಿದೆ. ಇದು ಹೊಸದು, ಯಾರೂ ಬರೆದಿಲ್ಲ. ಮಧ್ಯಾಹ್ನ ನನ್ನ ಗೈಡ್ ಸರ್‌ಗೆ ತೋರಿಸ್ತೇನೆ."

ಮುರ್ತುಜಾ ಕೈಯಲ್ಲಿದ್ದ ಉಜ್ಜುಕಾಗದ ಕೆಳಗಿಟ್ಟ. ಹೇಳಿದರೆ ತಿಂಗಳ ಕೊನೆಗೆ ಮುಗಿಯುವ ಕಾಂಟ್ರಾಕ್ಟ್ ಮತ್ತೆ ಸಿಗುವುದು ಸುಳ್ಳು. ಹೇಳದಿದ್ದರೆ ಈ ಹುಡುಗಿ ಸುತ್ತಿಗೆ ಏಟನ್ನೇ ಹೊಸ ಶೋಧ ಎಂದು ಊರಿಗೆಲ್ಲ ಸಾರಿ ಮಾನ ಕಳೆದುಕೊಳ್ಳುತ್ತಾಳೆ. ಹೊರಗೆ ಹೋದ, ಚಹಾ ತಗೊಂಡ, ಕುಡಿಯದೆ ಇಟ್ಟ, ಒಳಗೆ ಬಂದ.

"ಮೇಡಂ, ಅದನ್ನ ತೋರಸಬ್ಯಾಡ್ರಿ. ಅದನ್ನ ನಾ ಬಡದೀನಿ."

ಅವಳ ಮುಖ ಇಳಿಯಿತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಲ್ಯಾಬಿನ ದಾಖಲೆ ಪುಸ್ತಕ ತೆಗೆದು, 'ಆರನೇ ತಗಡು: ಸುತ್ತಿಗೆಯಿಂದ ಬಡಿದದ್ದು. ತಯಾರಿಸಿದವರು' ಎಂದು ಬರೆದು, ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

"ಪೂರಾ ಹೆಸರು ಬರೆದು ಸಹಿ ಮಾಡಿ, ಚಾಚಾ."

ಹನ್ನೊಂದು ವರ್ಷದಲ್ಲಿ ಮುರ್ತುಜಾ ಉಜ್ಜಿ ಕೊಟ್ಟ ತಗಡು ಸಾವಿರ ದಾಟಿರಬಹುದು. ಆ ಪುಸ್ತಕದಲ್ಲಿ ಅವನ ಹೆಸರು ಬರುತ್ತಿರುವುದು ಇದೇ ಮೊದಲು. ಅಕ್ಷರ ಕೆಡದಂತೆ ನಿಧಾನಕ್ಕೆ ಬರೆದ.